ಮುಚ್ಚಿದ ಗಣಿ, ತೆರೆದ ದಿಬ್ಬ

ನವೆಂಬರ್ 2ರ ಮೃತರ ಸ್ಮರಣೆಯ ದಿನ ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಧರ್ಮಕೇಂದ್ರಗಳಿಂದ ಕೆಲವು ಕುಟುಂಬಗಳು ಕೋಲಾರ ಚಿನ್ನದ ಗಣಿಯ ಊರಿಗೆ ಹೊರಡುವುದುಂಟು. ಅವರ ತಾತಂದಿರು ಗಣಿಯಲ್ಲಿ ದುಡಿದು ಅಲ್ಲಿಯೇ ಮಣ್ಣಾದವರು. ಸಮಾಧಿಯ ಮೇಲೆ ಮೇಣದಬತ್ತಿ ಹಚ್ಚಿ ಊರಿನತ್ತ ತಿರುಗಿದರೆ ಹಸಿರು ಸರಿಯಾಗಿ ಹಿಡಿಯದ ಬೂದುಬಣ್ಣದ ದಿಬ್ಬಗಳು ಕಣ್ಣಿಗೆ ಬೀಳುತ್ತವೆ. ಊರವರು ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. 2018ರಲ್ಲಿ ಚಲನಚಿತ್ರವೊಂದು ಕೆ.ಜಿ.ಎಫ್. ಎಂಬ ಮೂರಕ್ಷರಗಳನ್ನು ದೇಶಕ್ಕೆಲ್ಲ ಪರಿಚಯಿಸಿತು. ದಿಬ್ಬಗಳ ಬುಡದಲ್ಲಿ ಬದುಕುವವರ ಪಾಡನ್ನು ಪರಿಚಯಿಸುವುದು ಚಲನಚಿತ್ರದ ಕೆಲಸವಲ್ಲವಷ್ಟೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ ಗಣಿಗಾರಿಕೆ, ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಅಧೀನದಲ್ಲಿ 2001ರಲ್ಲಿ ನಿಂತುಹೋಯಿತು. ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಿಂದ ತಂದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಬಂಗಾರವನ್ನು ಕರಗಿಸಿ ತೆಗೆದ ಬಳಿಕ ಉಳಿದ ಕೆಸರೇ ಈ ದಿಬ್ಬಗಳು. ಅವು 13, ಒಟ್ಟು ಸುಮಾರು 3.3 ಕೋಟಿ ಟನ್.

ಸೈನೈಡ್ ಎಂಬ ಹೆಸರೇ ಭಯ ಹುಟ್ಟಿಸುತ್ತದೆ. ಆದರೆ ಬಿಸಿಲು, ಗಾಳಿಗೆ ಸೈನೈಡ್ ಕಾಲಕ್ರಮದಲ್ಲಿ ಬಹುಮಟ್ಟಿಗೆ ವಿಘಟನೆಗೊಳ್ಳುತ್ತದೆ. ನಿಜವಾಗಿ ಅಂಜಬೇಕಾದದ್ದು ಅದಕ್ಕಲ್ಲ. ಬೇಸಿಗೆಯ ಗಾಳಿಗೆ ಎದ್ದು ಮನೆಯೊಳಗಿನ ಅನ್ನದ ತಟ್ಟೆಯವರೆಗೂ ಬರುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ನೆಲೆಸಿದರೆ ಹೊರಬರುವುದಿಲ್ಲ. ಸಿಲಿಕೋಸಿಸ್ ಎಂದರೇನೆಂದು ಗಣಿಯ ಕುಟುಂಬಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಅದಿರಿನಲ್ಲಿದ್ದ ಗಂಧಕಯುಕ್ತ ಖನಿಜಗಳು ನೀರು, ಗಾಳಿಗಳ ಸಂಪರ್ಕದಿಂದ ಆಮ್ಲವಾಗಿ, ಆರ್ಸೆನಿಕ್‌ನಂತಹ ವಿಷಗಳನ್ನು ಅಂತರ್ಜಲಕ್ಕೆ ಇಳಿಸಬಲ್ಲವು. ಇವೆರಡೂ ಸದ್ದಿಲ್ಲದೆ ನಡೆಯುವ ಕ್ರಿಯೆಗಳು. ಆದುದರಿಂದಲೇ ಗಣಿಗೆ ಬೀಗ ಹಾಕಿದ ಮಾತ್ರಕ್ಕೆ ಹೊಣೆಗೆ ಬೀಗ ಬೀಳುವುದಿಲ್ಲವೆಂದು ನಾವು ಭಾವಿಸುತ್ತೇವೆ.

1966ರ ಅಕ್ಟೋಬರ್ 21ರಂದು ವೇಲ್ಸ್‌ನ ಅಬರ್‌ಫಾನ್ ಎಂಬ ಹಳ್ಳಿಯಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯದ ದಿಬ್ಬ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತವರು 144 ಮಂದಿ. ಅವರಲ್ಲಿ 116 ಮಕ್ಕಳು. ದಿಬ್ಬದ ಅಡಿಯಲ್ಲಿ ನೀರಿನ ಬುಗ್ಗೆಯಿತ್ತು, ಊರವರು ಮೊದಲೇ ದೂರಿದ್ದರು. ಕೇಳಿದವರಿರಲಿಲ್ಲ. 1969ರಲ್ಲಿ ಬ್ರಿಟನ್ ಮಾಡಿದ ಕಾನೂನು ಬಳಕೆಯಲ್ಲಿರುವ ದಿಬ್ಬಗಳಷ್ಟೇ ಅಲ್ಲದೆ ಕೈಬಿಟ್ಟ ದಿಬ್ಬಗಳ ಭದ್ರತೆಯ ಹೊಣೆಯನ್ನೂ ನಿಗದಿಪಡಿಸಿತು. ಕೋಲಾರದ ಮಣ್ಣು ಬೇರೆ, ಮಳೆಯೂ ಕಡಿಮೆ, ನಿಜ. ಆದರೂ ಕೊರಕಲು ಬಿದ್ದ ಇಳಿಜಾರನ್ನು ಮಳೆಗಾಲ ಮುಗಿದೊಡನೆ ಒಬ್ಬ ಎಂಜಿನಿಯರ್ ನಡೆದು ನೋಡುವುದಕ್ಕೆ ದುರಂತವೊಂದು ಆಗಲೇಬೇಕೆ?

ಈಗ ಈ ಮಾತಿಗೆ ಅವಸರ ಬಂದಿದೆ. ದಿಬ್ಬಗಳಲ್ಲಿ ಉಳಿದಿರುವ ಬಂಗಾರವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಉದ್ಯೋಗಕ್ಕಾಗಿ ನಸುಕಿನಲ್ಲೇ ಬೆಂಗಳೂರಿನ ರೈಲು ಹಿಡಿಯುವ ಊರಿನಲ್ಲಿ ಇದನ್ನು ವಿರೋಧಿಸುವ ಮನಸ್ಸು ನಮಗಿಲ್ಲ. ಆದರೆ ಮಣ್ಣಿನಲ್ಲಿ ಬಂಗಾರವೆಷ್ಟು ಎಂಬ ಲೆಕ್ಕದ ಪಕ್ಕದಲ್ಲಿ ಗಾಳಿಯಲ್ಲಿ ಧೂಳೆಷ್ಟು, ದಿಬ್ಬದ ಮೇಲ್ಭಾಗದ ಮತ್ತು ಕೆಳಭಾಗದ ಬಾವಿಗಳ ನೀರಿನಲ್ಲಿ ಅಂತರವೆಷ್ಟು ಎಂಬ ಲೆಕ್ಕವೂ ಇರಬೇಕು. ಯಂತ್ರಗಳು ಬರುವ ಮುನ್ನವೇ ಅದು ಸಿದ್ಧವಾಗಬೇಕು, ಏಕೆಂದರೆ ಅಗೆದ ಮೇಲೆ ಯಾವುದು ಹಳೆಯ ಹಾನಿ, ಯಾವುದು ಹೊಸದು ಎಂದು ಯಾರೂ ಬೇರ್ಪಡಿಸಲಾರರು. ವರದಿ ಕಚೇರಿಯ ಕಪಾಟಿಗೆ ಸೇರದೆ ಕನ್ನಡ, ತಮಿಳು, ತೆಲುಗುಗಳಲ್ಲಿ ಊರಿನ ಫಲಕಕ್ಕೆ ಬರಲಿ.

ಮುಂದಿನ ನವೆಂಬರ್‌ನಲ್ಲಿ ಹಿರಿಯರ ಸಮಾಧಿಗೆ ಹೋಗುವ ಓದುಗರಲ್ಲಿ ನಮ್ಮದೊಂದು ವಿನಂತಿ. ಹಿಂದಿರುಗುವ ರೈಲಿಗೆ ಮುನ್ನ ದಿಬ್ಬದ ಬುಡದ ಒಂದು ಮನೆಯ ಬಾಗಿಲಲ್ಲಿ ನಿಂತು, ಅವರು ಕುಡಿಯುವ ನೀರನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ, ಪರೀಕ್ಷಿಸಿದ್ದರೆ ಫಲಿತಾಂಶವನ್ನು ಅವರಿಗೆ ಹೇಳಿದ್ದಾರೆಯೇ ಎಂದು ಕೇಳಿ ಬನ್ನಿ.