ಗಿರಾಕಿಯ ಕೈಯಲ್ಲಿನ ಯಂತ್ರ, ಅಂಗಡಿಯ ಮೇಲಿನ ಹೊರೆ

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಸಣ್ಣ ಅಂಗಡಿಗಳ ಮುಂದೆ ಅಪರೂಪದ ಫಲಕವೊಂದು ಕಾಣಿಸಿಕೊಂಡಿತು: ‘ಯುಪಿಐ ಇಲ್ಲ, ನಗದು ಮಾತ್ರ.’ ವ್ಯಾಪಾರಿಗಳು ಕ್ಯೂಆರ್ ಹಾಳೆಗಳನ್ನು ಕಿತ್ತು ಒಳಗಿಟ್ಟರು. ಒಂದು ಕಾಲಕ್ಕೆ ಹಳ್ಳಿಯಾಗಿದ್ದು, 2007ರಲ್ಲಿ ಮಹಾನಗರ ಪಾಲಿಕೆಯ ತೆಕ್ಕೆಗೆ ಸೇರಿದ ಹೊರಮಾವಿನಲ್ಲಿಯೂ ಇದೇ ಮಾತು ಕೇಳಿಬಂತು. ದಿನಕ್ಕೆ ಕೆಲವೇ ಸಾವಿರ ರೂಪಾಯಿ ವಹಿವಾಟು ನಡೆಸುವವರೂ ಮೊಬೈಲ್ ಪಾವತಿಗೆ ಹೆದರತೊಡಗಿದ್ದರು.

ಕಾರಣ ಸ್ಪಷ್ಟವಿತ್ತು. ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕವನ್ನು ಆಧರಿಸಿ ಸಾವಿರಾರು ವ್ಯಾಪಾರಿಗಳಿಗೆ ನೋಟಿಸು ನೀಡಿತ್ತು. ವಾರ್ಷಿಕ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಆದರೆ ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸು ತಲುಪಿತು. ಜುಲೈ 25ರಂದು ಬಂದ್ ನಡೆಸಲು ಕರೆ ಹೊರಟಿತು. ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿಗಳು ಭರವಸೆಯಿತ್ತ ಬಳಿಕ ವ್ಯಾಪಾರಿಗಳು ಬಂದ್ ಕೈಬಿಟ್ಟರು.

ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ. ಈ ಯಂತ್ರವನ್ನು ಅಂಗಡಿಗೆ ತಂದವರು ಯಾರು?

ಹಿಂದೆ ಹೊಸ ಯಂತ್ರಗಳು ಮೊದಲು ಸರ್ಕಾರ, ಕಾರ್ಖಾನೆ, ಬ್ಯಾಂಕುಗಳಿಗೆ ಬಂದು, ಆಮೇಲೆ ಮನೆ ಸೇರುತ್ತಿದ್ದವು. ಗಣಕಯಂತ್ರ ಬಂದದ್ದು ಹಾಗೆಯೇ. 2007ರಲ್ಲಿ ಐಫೋನ್, 2008ರಲ್ಲಿ ಆಂಡ್ರಾಯ್ಡ್ ಫೋನ್ ಬಂದ ನಂತರ ಈ ದಾರಿ ತಿರುವುಮುರುವಾಯಿತು. ನೌಕರರಿಗೆ ಬ್ಲ್ಯಾಕ್‌ಬೆರಿ ಕೊಡುತ್ತಿದ್ದ ಕಂಪನಿಗಳು, ನೌಕರರೇ ಮನೆಯಿಂದ ತಂದ ಫೋನುಗಳಿಗೆ ತಮ್ಮ ವ್ಯವಸ್ಥೆಯನ್ನು ಹೊಂದಿಸಿಕೊಳ್ಳಬೇಕಾಯಿತು. ಅದೇ ಅಲೆ ಕಿರಾಣಿ ಅಂಗಡಿಗೂ ಬಡಿಯಿತು. 2016ರ ಏಪ್ರಿಲ್‌ನಲ್ಲಿ ಯುಪಿಐ ಆರಂಭವಾಯಿತು; ಅದೇ ನವೆಂಬರಿನಲ್ಲಿ ನೋಟು ರದ್ದಾಯಿತು; 2020ರಲ್ಲಿ ಸೋಂಕಿನ ಭಯ ಹಬ್ಬಿತು. ಗಿರಾಕಿ ಹಣದ ಚೀಲ ಹಿಡಿದು ಬರುವುದನ್ನೇ ಬಿಟ್ಟ. ಇದರಿಂದ ಚಿಲ್ಲರೆಯ ತೊಂದರೆ ತಪ್ಪಿತು, ಕಳವಿನ ಭಯ ಕಡಿಮೆಯಾಯಿತು ಎಂಬುದನ್ನು ಒಪ್ಪಬೇಕು. ಆದರೆ ಸಣ್ಣ ವ್ಯಾಪಾರಿ ಲಾಭನಷ್ಟ ತೂಗಿ ಇದನ್ನು ಆರಿಸಿಕೊಂಡದ್ದಲ್ಲ. ಬೇಡವೆಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಗಿರಾಕಿಗೆ ಅದು ಅನುಕೂಲ, ಅಂಗಡಿಗೆ ಅನಿವಾರ್ಯ.

ಇಂಥ ಅನಿವಾರ್ಯತೆಗೆ ಇನ್ನೊಂದು ಲೆಕ್ಕವಿದೆ. ಅದು ಯಾವ ನೋಟಿಸಿನಲ್ಲಿಯೂ ಬರುವುದಿಲ್ಲ. ಹಣ ಬಂತೆಂದು ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯೊಳಗೂ ಬ್ಯಾಟರಿಯಿದೆ, ಸಿಮ್ ಇದೆ. ಕೆಲವರ್ಷಗಳಲ್ಲಿ ಅದೂ ಕಸವಾಗುತ್ತದೆ. 2022ರಲ್ಲಿ ಜಗತ್ತು ಸೃಷ್ಟಿಸಿದ ಇ-ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಉತ್ಪಾದಕರೇ ಹೊಣೆ ಹೊರಬೇಕೆಂಬ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಆದರೂ ಹಳೆಯ ಫೋನು ಗುಜರಿಯವನ ಚೀಲಕ್ಕೆ ಬೀಳುವುದು ನಿಂತಿಲ್ಲ.

ವಿದ್ಯುತ್ತಿನ ಕಥೆ ಮಲೆನಾಡಿಗೆ ಹೊಸತಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಗಾಗಿ ಊರುಗಳೇ ಮುಳುಗಿದವು. ಸಂಜೆಯ ಹೊತ್ತಿನ ಏರುಬೇಡಿಕೆಯನ್ನು ಪೂರೈಸಲೆಂದು ತಲಕಳಲೆ ಹಾಗೂ ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್ ಸಾಮರ್ಥ್ಯದ ಯೋಜನೆಯೊಂದನ್ನು ರೂಪಿಸಲಾಗಿದ್ದು, ಶರಾವತಿ ಕಣಿವೆಯ ಜನ ಅದನ್ನು ವಿರೋಧಿಸಿದ್ದಾರೆ. ಒಂದು ಕ್ಯೂಆರ್ ಹಾಳೆಗೂ ಒಂದು ಯೋಜನೆಗೂ ನೇರ ನಂಟು ಕಟ್ಟಿದರೆ ಅದು ಅತಿಶಯೋಕ್ತಿಯಾದೀತು. ಆದರೆ ಕೊಳ್ಳುವವರ ಅಭ್ಯಾಸವು ವ್ಯವಹಾರದ ನಿಯಮವಾಗಿ, ಅದು ‘ಬೇಡಿಕೆ’ ಎಂಬ ಹೆಸರು ಪಡೆದು, ಕೊನೆಗೆ ಕಾಡಿನ ಬಾಗಿಲಿಗೆ ಬಂದು ನಿಲ್ಲುವ ಕ್ರಮ ಮಾತ್ರ ಒಂದೇ.

ಆ ಕ್ರಮ ಘಟ್ಟದ ಊರುಗಳಲ್ಲಿ ಈಗಾಗಲೇ ಶುರುವಾಗಿದೆ. ಅತಿಥಿಗಳು ಕೇಳುತ್ತಾರೆಂದು ಹೋಂಸ್ಟೇಗಳು ಹವಾನಿಯಂತ್ರಣ ಯಂತ್ರ ಕೂರಿಸುತ್ತವೆ, ಅಬ್ಬಿ ನೀರಿದ್ದರೂ ಬಾಟಲಿ ನೀರು ತರಿಸುತ್ತವೆ. ಪಕ್ಕದೂರಿನಲ್ಲಿ ಇದೆಯೆಂಬ ಒಂದೇ ಕಾರಣಕ್ಕೆ ಸಹಕಾರ ಸಂಘ ಹೊಸ ಯಂತ್ರ ಕೊಂಡರೂ ಆಶ್ಚರ್ಯವಿಲ್ಲ.

ಯಂತ್ರವನ್ನೇ ತಿರಸ್ಕರಿಸುವುದು ಪರಿಹಾರವಲ್ಲ. ಕೊಳ್ಳುವ ಮುನ್ನ ಸಂಘದ ಸಭೆಯಲ್ಲಿ, ಮನೆಯ ಜಗಲಿಯಲ್ಲಿ ಮೂರು ಪ್ರಶ್ನೆ ಕೇಳಬೇಕು: ಇದು ಯಾರ ಅನುಕೂಲಕ್ಕೆ? ಕೆಟ್ಟರೆ ಊರಿನಲ್ಲೇ ದುರಸ್ತಿಯಾಗುತ್ತದೆಯೇ? ಕಸವಾದ ಮೇಲೆ ಹಿಂದಕ್ಕೆ ಒಯ್ಯುವವರು ಯಾರು? ಕಾಲೇಜಿನ ವಿದ್ಯಾರ್ಥಿಗಳು ತಮ್ಮೂರಿನ ಅಂಗಡಿ, ಹೋಂಸ್ಟೇಗಳಲ್ಲಿ ಈ ಲೆಕ್ಕ ಹಾಕಿ ಗ್ರಾಮಸಭೆಯ ಮುಂದಿಟ್ಟರೆ ಅದೇ ಒಳ್ಳೆಯ ಆರಂಭ.

ಹೊರಮಾವಿನ ವ್ಯಾಪಾರಿ ಗೋಡೆಯ ಹಾಳೆಯನ್ನು ಒಂದೇ ದಿನದಲ್ಲಿ ಕಿತ್ತಿಡಬಲ್ಲ, ಬೇಕೆಂದಾಗ ಮತ್ತೆ ಅಂಟಿಸಬಲ್ಲ. ಕಡಿದ ಕಾಡಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಪ್ರಶ್ನೆಯನ್ನು ಮೊದಲೇ ಕೇಳುವ ಹೊಣೆ ಮಲೆನಾಡಿನವರಿಗೆ ಹೆಚ್ಚು.