ಎಮ್ಮೆಗೂ ಒಂದು ಸೂಜಿ

ನಮ್ಮ ನುಡಿಯಲ್ಲಿ ಎಮ್ಮೆಗೆ ದೊರೆತಿರುವ ಮರ್ಯಾದೆ ಅಷ್ಟಕ್ಕಷ್ಟೆ. ಎಷ್ಟು ಹೇಳಿದರೂ ಅಲುಗದವನನ್ನು ಕಂಡರೆ ‘ಎಮ್ಮೆಯ ಮೇಲೆ ಮಳೆ ಸುರಿದಂತೆ’ ಎನ್ನುತ್ತೇವೆ. ರಸಜ್ಞಾನವಿಲ್ಲದವನನ್ನು ಕಂಡರೆ ಕೋಣನ ಮುಂದಿನ ಕಿನ್ನರಿಯನ್ನು ನೆನೆಯುತ್ತೇವೆ. ಆಕಳಿಗೆ ಪೂಜೆ, ಎತ್ತಿಗೆ ಕಾರಹುಣ್ಣಿಮೆ. ಎಮ್ಮೆಗೆ ಬರಿಯ ಗಾದೆ! ಆದರೆ ಬಾಗಲಕೋಟೆಯ ಚಹದಂಗಡಿಯಿಂದ ಹಿಡಿದು ಇಳಕಲ್ಲಿನ ನೇಕಾರರ ಮನೆಯ ಮೊಸರಿನ ಗಡಿಗೆಯವರೆಗೆ ಅದರ ಋಣವನ್ನು ಉಣ್ಣದವರು ಯಾರು? ನಮ್ಮ ಸೀಮೆಯ ಧಾರವಾಡಿ ಎಮ್ಮೆಗೆ ಒಂದು ಪ್ರತ್ಯೇಕ ತಳಿಯೆಂಬ ಮನ್ನಣೆ ದೊರೆತದ್ದು 2021ರಲ್ಲಿ. ಧಾರವಾಡದ ಫೇಡೆಯ ಕೀರ್ತಿಗೆ ಹೋಲಿಸಿದರೆ ಇದು ತಡವಾಗಿ ಬಂದ ಗೌರವವೇ ಸರಿ.

ಈ ಎಮ್ಮೆಯ ಪರವಾಗಿ ನಾನು ಇಂದು ಒಂದು ಸಣ್ಣ ವಾದವನ್ನು ಮುಂದಿಡಬಯಸುತ್ತೇನೆ. ಚರ್ಮಗಂಟು ರೋಗದ ಲಸಿಕೆ ಎಮ್ಮೆಗೂ ದೊರೆಯಬೇಕು ಎಂಬುದೇ ಆ ವಾದ.

ಈ ಬೇನೆ ನಮ್ಮ ಹಿರಿಯರು ಕಂಡುದಲ್ಲ. 1929ರಲ್ಲಿ ಇಂದಿನ ಜಾಂಬಿಯಾ ದೇಶದಲ್ಲಿ ಮೊದಲು ಗುರುತಿಸಲ್ಪಟ್ಟ ಇದು 2019ರಲ್ಲಿ ಭಾರತವನ್ನು ಹೊಕ್ಕಿತು. 2022ರಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿ, ಆ ವರ್ಷವೊಂದರಲ್ಲಿಯೇ ದೇಶದಲ್ಲಿ ಲಕ್ಷಕ್ಕೂ ಮಿಕ್ಕಿ ದನಗಳನ್ನು ಬಲಿ ತೆಗೆದುಕೊಂಡಿತು. ಸಿಡುಬಿನ ಕುಲಕ್ಕೆ ಸೇರಿದ ಒಂದು ವೈರಾಣು ಇದಕ್ಕೆ ಮೂಲ. ರಕ್ತ ಹೀರುವ ನೊಣ, ಸೊಳ್ಳೆ, ಉಣ್ಣೆಗಳು ಅದನ್ನು ಹೊತ್ತು ತಿರುಗುತ್ತವೆ. ಜ್ವರ ಬರುತ್ತದೆ, ಮೈತುಂಬ ಗಂಟು ಏಳುತ್ತದೆ, ಕಾಲು ಬಾಯುತ್ತದೆ, ಹಾಲು ಬತ್ತುತ್ತದೆ, ಕೆಲವೊಮ್ಮೆ ಗಬ್ಬ ಇಳಿಯುತ್ತದೆ. ಮನುಷ್ಯರಿಗೆ ಇದು ಅಂಟುವುದಿಲ್ಲವೆಂಬುದೊಂದೇ ಸಮಾಧಾನ.

‘ಎಮ್ಮಿಗೇನ ಆಗ್ತದ್ರೀ, ಕೆಸರಾಗ ಹೊಳ್ಳ್ಯಾಡೂ ಜೀವ ಅದು. ಸುಮ್ನ ಸೂಜಿ ಮಾಡಿಸಿದ್ರ ನಾಕ ದಿನ ಹಾಲು ಹೋಗ್ತಾವ’ ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಕೇಳಿದ್ದೇನೆ. ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಆಕಳು, ಎತ್ತುಗಳಿಗಿಂತ ಎಮ್ಮೆಗಳಲ್ಲಿ ಈ ಬೇನೆ ಕಡಮೆ. ಬಂದರೂ ಬಹುಮಟ್ಟಿಗೆ ಸೌಮ್ಯ. ಸೂಜಿಯ ಬಳಿಕ ಸ್ವಲ್ಪ ಜ್ವರ, ಚುಚ್ಚಿದೆಡೆ ಬಾವು, ಎರಡು ಮೂರು ದಿನ ಹಾಲಿನಲ್ಲಿ ಇಳಿತ ಕಾಣುವುದೂ ಉಂಟು. ಆದರೆ ಕಡಮೆ ಎಂದರೆ ಇಲ್ಲವೆಂದು ಅರ್ಥವಲ್ಲ. ಭಾರತದಲ್ಲಿಯೂ ಎಮ್ಮೆಗಳಲ್ಲಿ ಈ ಬೇನೆ ಕಂಡುಬಂದಿದೆ. ನೂರರಲ್ಲಿ ಒಂದಕ್ಕೆ ಬಂದರೂ, ಒಂದೇ ಎಮ್ಮೆ ಇರುವ ಮನೆಯಲ್ಲಿ ಅದು ನೂರಕ್ಕೆ ನೂರು ನಷ್ಟವಲ್ಲವೆ? ನಮ್ಮ ಕಾಲೇಜಿನ ಎಷ್ಟೋ ವಿದ್ಯಾರ್ಥಿಗಳ ಫೀ, ತಾಯಂದಿರು ಹಾಲು ಅಳೆದು ಕೂಡಿಸಿದ ಹಣ. ನನ್ನ ಪುಸ್ತಕಗಳೂ ಹಾಗೆಯೇ ಬಂದವು.

ಲಸಿಕೆಯ ಕಾರ್ಯ ಮೊದಲು ಆಕಳು, ಎತ್ತುಗಳ ಕಡೆಗೆ ತಿರುಗಿದುದು ಸಹಜ; ಬೇನೆಯ ಭಾರ ಬಿದ್ದುದು ಅವುಗಳ ಮೇಲೆಯೆ. ಸೀಸೆಗಳು ಸಾಲದಿದ್ದಾಗ ಅವುಗಳಿಗೇ ಮೊದಲು ಕೊಡಲಿ, ನನ್ನ ತಕರಾರಿಲ್ಲ. ಆದರೆ ‘ದನಕ್ಕೆ ಮೊದಲು’ ಎಂಬುದು ‘ದನಕ್ಕೆ ಮಾತ್ರ’ ಎಂದಾಗಬಾರದು. ಬನಶಂಕರಿಯ ಜಾತ್ರೆಗೆ, ಅಮೀನಗಡದ ಸಂತೆಗೆ ಹೋಗುವ ಜಾನುವಾರುಗಳು ಒಂದೇ ದಾರಿಯಲ್ಲಿ ನಡೆಯುತ್ತವೆ. ಬಾದಾಮಿ, ಹುನಗುಂದ ತಾಲ್ಲೂಕುಗಳ ಹಳ್ಳಿಗಳಲ್ಲಿ ಒಂದೇ ಗ್ವಾದಲಿಯಲ್ಲಿ ಮೇಯುತ್ತವೆ. ಕಚ್ಚುವ ನೊಣಕ್ಕೆ ಆಕಳು, ಎಮ್ಮೆ ಎಂಬ ಭೇದವುಂಟೆ?

ಹಳೆಯ ಅನುಭವವೂ ಇದನ್ನೇ ಕಲಿಸುತ್ತದೆ. ಒಂದು ಕಾಲಕ್ಕೆ ದೊಡ್ಡರೋಗ ಹೊಕ್ಕ ಊರಿನಲ್ಲಿ ಕೊಟ್ಟಿಗೆಗಳೇ ಬರಿದಾಗುತ್ತಿದ್ದುವು. 1954ರಲ್ಲಿ ಅದರ ನಿರ್ಮೂಲನಕ್ಕೆ ರಾಷ್ಟ್ರೀಯ ಯೋಜನೆ ಆರಂಭವಾಯಿತು. ಸೂಜಿ ಆಕಳಿಗೂ ಹೋಯಿತು, ಎಮ್ಮೆಗೂ ಹೋಯಿತು. 2006ರಲ್ಲಿ ಭಾರತ, 2011ರಲ್ಲಿ ಇಡಿಯ ಜಗತ್ತೇ ಆ ಬೇನೆಯಿಂದ ಮುಕ್ತವೆಂದು ಸಾರಲಾಯಿತು. ಇಂದಿಗೂ ಕಾಲುಬಾಯಿ ಬೇನೆಯ ಲಸಿಕೆಗೆ ನಾವು ಎರಡನ್ನೂ ಒಟ್ಟಿಗೆ ನಿಲ್ಲಿಸುತ್ತೇವೆ. ಈ ಒಂದು ಸೂಜಿಗೆ ಮಾತ್ರ ಪಂಕ್ತಿಭೇದವೇಕೆ?

ಹೊತ್ತಿನ ವಿಚಾರವೂ ಇದೆ. ಲಸಿಕೆ ಚುಚ್ಚಿದ ದಿನವೇ ರಕ್ಷಣೆ ಹುಟ್ಟುವುದಿಲ್ಲ. ಎರಡು ಮೂರು ವಾರ ಬೇಕು. ಬೇನೆ ಪಕ್ಕದ ಓಣಿಗೆ ಬಂದಮೇಲೆ ಓಡಾಡುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. 2016ರಲ್ಲಿ ಬಲ್ಗೇರಿಯಾ ದೇಶಕ್ಕೆ ಈ ರೋಗ ನುಗ್ಗಿದಾಗ, ಅಲ್ಲಿಯವರು ರೋಗ ಬಂದ ಊರುಗಳಿಗಷ್ಟೇ ನಿಲ್ಲದೆ ದೇಶದುದ್ದಕ್ಕೂ ಲಸಿಕೆ ಹಾಕಿ ಅದನ್ನು ತಡೆದರು. ನಮ್ಮಲ್ಲಿಯೂ ಮಳೆಗಾಲ ಹಿಡಿದು ನೊಣ ಸೊಳ್ಳೆ ಏಳುವ ಮೊದಲೇ ಈ ಕಾರ್ಯ ಮುಗಿಯಬೇಕು. ಆಡುಸಿಡುಬಿನ ಲಸಿಕೆಯನ್ನು ನಮ್ಮಲ್ಲಿ ಇದಕ್ಕೆ ಬಳಸುತ್ತ ಬಂದಿದ್ದಾರೆ. ಈ ರೋಗಕ್ಕೆಂದೇ ಹಿಸಾರ್ ಮತ್ತು ಇಜ್ಜತ್‌ನಗರದ ವಿಜ್ಞಾನಿಗಳು ಸಿದ್ಧಪಡಿಸಿದ ಲಸಿಕೆಯನ್ನು 2022ರ ಆಗಸ್ಟಿನಲ್ಲಿ ಪ್ರಕಟಿಸಲಾಯಿತು.

‘ಇದು ಪಶುವೈದ್ಯರ ಮಾತು, ಕಲಾ ವಿಭಾಗದ ಹುಡುಗನಿಗೇಕೆ?’ ಎಂದು ಮಿತ್ರರು ನಗಬಹುದು. ಯಾವ ಎಮ್ಮೆಗೆ, ಯಾವಾಗ, ಎಷ್ಟು ಎಂಬುದನ್ನು ವೈದ್ಯರೇ ನಿರ್ಣಯಿಸಲಿ. ಆದರೆ ವಿಜ್ಞಾನ ಸೋಲುವುದು ಸೀಸೆಯಲ್ಲಲ್ಲ, ಮನೆಯ ಹೊಸ್ತಿಲಲ್ಲಿ. ಅಲ್ಲಿ ಬೇಕಾದುದು ಮಾತು. ಹೆದರಿದ ಹೆಣ್ಣುಮಗಳಿಗೆ ಅವಳ ನುಡಿಯಲ್ಲಿಯೇ ತಿಳಿಯಹೇಳುವ ಸಹನೆಯ ಮಾತು. ಮೂರು ವರ್ಷ ಭಾಷೆ, ಇತಿಹಾಸ, ಸಮಾಜಶಾಸ್ತ್ರಗಳನ್ನು ಓದಿದ ನಾವು ಅಷ್ಟನ್ನೂ ಮಾಡಲಾರೆವಾದರೆ ಈ ಪದವಿಗೆ ಬೆಲೆಯೇನು?

ಆದುದರಿಂದ ಅಧ್ಯಾಪಕ ವರ್ಗದವರಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ರಸ್ತೆ ಗುಡಿಸುವುದರ ಜೊತೆಗೆ, ಮನೆಮನೆಯ ಆಕಳು, ಎತ್ತು, ಎಮ್ಮೆಗಳ ಪಟ್ಟಿ ಮಾಡಿ ಪಶು ಆಸ್ಪತ್ರೆಗೆ ಒಪ್ಪಿಸೋಣ, ಲಸಿಕೆಯ ದಿನ ಗೊತ್ತಾದೊಡನೆ ಡಂಗುರ ಹೊಡೆಸೋಣ. ಆ ಪಟ್ಟಿಯಲ್ಲಿ ಎಮ್ಮೆಗೆಂದು ಒಂದು ಕಲಮು ಇರಲಿ, ಅದು ಖಾಲಿ ಉಳಿಯದಿರಲಿ.