ಬಿಕಾಂ ಹುಡುಗನ ಬೋರ್ಡ್ ಕಥೆ, ಭಾಗ 4: ಪ್ರಿಂಟರ್ ತಗೊಳ್ಳೋ ಮುಂಚೆ

ಟ್ಯೂಷನ್ ಹೇಳಿ ಕೂಡಿಸಿದ್ದ ದುಡ್ಡನ್ನ ಇಂಕ್‌ಜೆಟ್‌ಗೆ ಹಾಕಿ ಕೈ ಸುಟ್ಕೊಂಡೆ. ನೀವು ಆ ತಪ್ಪು ಮಾಡ್ಬೇಡಿ. ಅದರ ಶಾಯಿ ತಾಮ್ರಕ್ಕೆ ಹಿಡಿಯಲ್ಲ. ಲೇಸರ್ ಟೋನರ್ ಅಂದ್ರೆ ಪ್ಲಾಸ್ಟಿಕ್ ಪುಡಿ. ಇಸ್ತ್ರಿಪೆಟ್ಟಿಗೆ ಬಿಸಿಗೆ ಕರಗಿ ಬೋರ್ಡಿಗೆ ಅಂಟುತ್ತೆ. ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದಿದಾಗ ಅದರಡಿಯ ತಾಮ್ರ ಮಾತ್ರ ಉಳಿಯುತ್ತೆ.

ಕಲರ್, ವೈಫೈ, ಸ್ಕ್ಯಾನರ್ ಯಾವುದಕ್ಕೂ ದುಡ್ಡು ಸುರೀಬೇಡಿ. ನನ್ನ ಪ್ರಕಾರ ಸೆಕೆಂಡ್ ಹ್ಯಾಂಡ್ ಕಪ್ಪು-ಬಿಳುಪು ಲೇಸರ್ ಸಾಕು. 600 ಡಿಪಿಐ ಇರಲಿ, ಗ್ಲಾಸಿ ಪೇಪರ್ ಸಿಕ್ಕಿಹಾಕಿಕೊಳ್ಳದೆ ಬರಲಿ, ಟೋನರ್ ಸೇವ್ ಆಫ್ ಮಾಡಿದ್ರೆ ಕಪ್ಪು ಗಾಢವಾಗಿರಲಿ.

ಎಲ್ಲ ಟೋನರೂ ಒಂದೇ ಬಿಸಿಗೆ ಕರಗಲ್ಲ. ಅದಕ್ಕೇ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗೋವಾಗ ನಿಮ್ಮ ಪೇಪರ್ ಒಯ್ಯಿರಿ. ಒಂದು ಪ್ರಿಂಟ್ ತೆಗೆಸಿ, ಮನೇಲಿ ಇಸ್ತ್ರಿ ಹಾಕಿ ನೋಡಿ. ದುಡ್ಡು ಆಮೇಲೆ.

ಸೇವ್ ಮಾಡ್ಕೊಳ್ಳಿ. ಮುಂದಿನ ಭಾಗ: ಇಸ್ತ್ರಿ.